ಆವಲಪ್ಪನ ಮೂರು ಹುಳು

ಬೈರಕೂರಿನ ಮಾವಿನ ತೋಪಿನಲ್ಲಿ ಇನ್ನೂ ಮಬ್ಬುಗತ್ತಲೆ. ಏಣಿಯ ಮೇಲೆ ನಿಂತ ಆವಲಪ್ಪ ಹೂಗೊಂಚಲೊಂದಕ್ಕೆ ಬಿಳಿಬಟ್ಟೆಯ ಚೀಲವನ್ನು ಮೆಲ್ಲಗೆ ತೊಡಿಸಿ, ಬಾಯಿ ಬಿಗಿಹಿಡಿದು ಕೊಡವುತ್ತಾನೆ. ಹೂವಿನ ರಸ ಹೀರುವ ಜಿಗಿಹುಳು ಈ ಚಳಿಯಲ್ಲಿ ಮಂಕಾಗಿರುತ್ತದೆ. ಬಿಸಿಲು ತಾಕಿದರೆ ಕೈಗೆ ಸಿಗುವುದಿಲ್ಲ. ಹೊತ್ತು ಹುಟ್ಟುವುದರೊಳಗೆ ಇಪ್ಪತ್ತು ಗೊಂಚಲು ಮುಗಿಯಬೇಕು.

ಚೀಲದಲ್ಲಿದ್ದವನ್ನು ಎಣಿಸಿದ ಮೇಲೆ ಆತ ತಲೆವಸ್ತ್ರ ಬಿಚ್ಚಿ, ಅಂಗಿಯ ತೋಳು ಮಡಚಿ ಹುಡುಕುತ್ತಾನೆ. "ಎರಡು," ಎಂದು, ನೋಡಿ ಬರೆದುಕೊಳ್ಳಲು ಬಂದಿರುವ ನನಗೆ ಹೇಳುತ್ತಾನೆ. "ಏಣಿ ಹತ್ತೋಕೆ ಮುಂಚೇನೇ ಬಟ್ಟೆ ಕೊಡವಿರ್ತೀನಿ ಸ್ವಾಮಿ. ಇವೂ ಮರದ್ದೇ. ನಮ್ಮನೆಯಿಂದ ತಂದಿದ್ದಲ್ಲ."

ಆರು ವರ್ಷದಿಂದ ಇದೇ ಕೆಲಸ. ಸಂಕ್ರಾಂತಿ ಕಳೆದು ಹೂ ಬಿಟ್ಟಾಗಿನಿಂದ ಕಾಯಿ ಕಚ್ಚುವವರೆಗೆ, ವರ್ಷಕ್ಕೆ ಐವತ್ತು ಬೆಳಗು. ಉಳಿದ ತಿಂಗಳು ರಾಗಿ ಹೊಲ. ಒಮ್ಮೆ ಏಣಿಯಿಂದ ಬಿದ್ದಿದ್ದರಿಂದ ಎಡಗೈ ಮಣಿಕಟ್ಟು ಈಗಲೂ ಪೂರ್ತಿ ಮಡಚುವುದಿಲ್ಲ. ಗಂಧಕದ ಪುಡಿ ಎರಚಿದ ದಿನ ರಾತ್ರಿಯೆಲ್ಲ ಕಣ್ಣುರಿ.

ಹುಳುವಿಗೆ ನಂಗಲಿಯಾಚೆಯ ಗಡಿ ಗೊತ್ತಿಲ್ಲ. ಮೈಸೂರು ಸೀಮೆಯಲ್ಲಿ ಗಂಧಕ ಎರಚಿದರೆ ಮದರಾಸು ಸೀಮೆಯಿಂದ ಮತ್ತೆ ಹಾರಿ ಬರುತ್ತದೆ. ಹಾಗಾಗಿ ಎರಡೂ ಕಡೆಯ ಕೀಟಶಾಸ್ತ್ರದ ಅಧಿಕಾರಿಗಳಿಬ್ಬರು ಕೂಡಿ, ಹುಳು ಎಷ್ಟಿವೆಯೆಂದು ಒಂದೇ ಬೆಳಗು ಎಣಿಸಿ, ಒಂದೇ ದಿನ ಗಂಧಕ ಹಾಕಿಸಿದರು. ಫಸಲು ಉಳಿಯಿತು. ನೆರೆಸೀಮೆಗಳ ಕೂಡುಸಂಶೋಧನೆಗೆಂದು ಎರಡು ಸರ್ಕಾರಗಳು ಇಟ್ಟಿರುವ ಪದಕ ಕಳೆದ ವರ್ಷ, 1938ರಲ್ಲಿ, ಆ ಇಬ್ಬರ ಕೊರಳಿಗೆ ಬಿತ್ತು.

ಅದಕ್ಕೆ ಆವಲಪ್ಪನಿಗೆ ಬೇಸರವಿಲ್ಲ. ಸಂಕಟವೆಲ್ಲ ಪದಕದ ಜೊತೆ ಅಚ್ಚಾದ ಪುಸ್ತಕದ ಒಂಬತ್ತನೆಯ ಪುಟದ್ದು. ಆಚೆ ಸೀಮೆಯ ಎಣಿಕೆಗಾರ ಕದಿರೇಶನ ಹೆಸರು ಅಲ್ಲಿದೆ: ಆತನ ಎಣಿಕೆ ನಂಬಲರ್ಹ. ಕೆಳಗಿನ ಸಾಲಿನಲ್ಲಿ, ಮೈಸೂರಿನ ಕೂಲಿಯವನು ಮೂರು ಹೆಚ್ಚು ಎಣಿಸಿದ ಎಂದಿದೆ. ಆವಲಪ್ಪ ಎಂದಿಲ್ಲ. ಇಂಗ್ಲಿಷಿನಲ್ಲಿದ್ದುದನ್ನು ಮೇಷ್ಟರು ಅಶ್ವತ್ಥಪ್ಪನವರಿಂದ ಆತ ನಾಲ್ಕು ಸಲ ಓದಿಸಿ ಕೇಳಿದ್ದಾನೆ.

ಇಬ್ಬರ ಎಣಿಕೆಯೂ ಒಂದೇ ಅಳತೆಯಲ್ಲಿದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ಗಡಿಕಲ್ಲಿನ ಪಕ್ಕದ ಮರದಲ್ಲಿ ಪರೀಕ್ಷೆ ನಡೆಯುತ್ತದೆ. ಒಬ್ಬ ಹಿಡಿದು ಎಣಿಸಿದ ಚೀಲವನ್ನೇ ಇನ್ನೊಬ್ಬ ಎಣಿಸಬೇಕು. ಕಳೆದ ವರ್ಷ ಹಿಡಿದವನು ಆವಲಪ್ಪ. ಚೀಲದಲ್ಲಿ ಅರವತ್ತೊಂದು, ತೋಳಿನಲ್ಲಿ ಮೂರು, ಅರವತ್ತನಾಲ್ಕು ಎಂದ. ಚೀಲ ಮಾತ್ರ ನೋಡಿದ ಕದಿರೇಶ ಅರವತ್ತೊಂದು ಎಂದ.

"ಅವನ ಚೀಲ ನೋಡಿ, ಮಲ್ಲಿಗೆ ಹೂವಿನಂಗೆ," ಎನ್ನುತ್ತಾನೆ ಆವಲಪ್ಪ. "ಅವರ ಸರ್ಕಾರ ಸೋಪು ಕೊಡುತ್ತೆ. ಪೆನ್ಸಿಲ್ಲೂ ಅವನದು ಉದ್ದ."

ತೋಪಿನಂಚಿನ ಒಲೆಯ ಮುಂದೆ ಹೆಂಡತಿ ಬೈರಮ್ಮ ರಾಗಿ ರೊಟ್ಟಿ ತಟ್ಟುತ್ತಲೇ ನಗುತ್ತಾಳೆ. "ಸೌದೆ ತರೋದು ಬಿಟ್ಟಿದೀನಿ ಸ್ವಾಮಿ. ಇವನ ಹೊಟ್ಟೆಕಿಚ್ಚಲ್ಲೇ ರೊಟ್ಟಿ ಬೇಯ್ತದೆ."

ಈ ವರ್ಷದ ಪರೀಕ್ಷೆ ಹೋದ ಸೋಮವಾರ ನಡೆದಿದೆ. ಹಿಡಿಯುವ ಸರದಿ ಕದಿರೇಶನದು. ಆತ ಚೀಲ ಎಣಿಸಿದ, ಐವತ್ತೆಂಟು. ಆಮೇಲೆ ಸ್ವಲ್ಪ ತಡೆದು, ರುಮಾಲು ಬಿಚ್ಚಿ ಹುಡುಕಿದ. ಎರಡು ಸಿಕ್ಕವು. "ಅರವತ್ತು," ಎಂದ. ಆವಲಪ್ಪ ಚೀಲ ಎಣಿಸಿದರೆ ಐವತ್ತೆಂಟೇ. ಹೋದ ಸಲದ ಲೆಕ್ಕದಲ್ಲಿ ಇದು ಕದಿರೇಶನ ತಪ್ಪಾಗಬೇಕು. ಆದರೆ ಅಧಿಕಾರಿಗಳು ತಲೆದೂಗಿ, ಇದು ಒಳ್ಳೆಯ ಕ್ರಮ, ಇನ್ನು ಇಬ್ಬರೂ ಹೀಗೇ ಮಾಡಿ ಎಂದು, ಕದಿರೇಶನ ಕ್ರಮ ಎಂದೇ ಪುಸ್ತಕದಲ್ಲಿ ಬರೆದುಕೊಂಡರು.

ಹಿಂದಿರುಗುವಾಗ ಕದಿರೇಶ ನಂಗಲಿಯವರೆಗೂ ಬೆನ್ನಹಿಂದೆಯೇ ಬಂದ. "ಅದು ನಿಂದೇ ಅಣ್ಣಾ. ನಿನ್ನ ನೋಡೇ ಕಲ್ತಿದ್ದು."

"ಅಲ್ಲಿ ಹೇಳ್ಬೇಕಿತ್ತು."

"ದೊರೆಗಳ ಮುಂದೆ ಬಾಯೇ ಬರ್ಲಿಲ್ಲ."

"ರುಮಾಲು ಬಿಚ್ಚೋಕೆ ಕೈ ಬಂತಲ್ಲ," ಎಂದು ಆವಲಪ್ಪ ಮುಂದೆ ನಡೆದ.

ಈಗ ತೋಪಿನಲ್ಲಿ ಬಿಸಿಲು ಬಿದ್ದಿದೆ. ಇಪ್ಪತ್ತನೆಯ ಗೊಂಚಲು ಮುಗಿದಿದೆ. ಆವಲಪ್ಪ ಏಣಿಯನ್ನು ಮರಕ್ಕೆ ಒರಗಿಸಿ ಕುಳಿತುಕೊಳ್ಳುತ್ತಾನೆ.

"ಪದಕ ನನಗ್ಯಾಕೆ ಸ್ವಾಮಿ. ಹೆಸರೂ ಬೇಡ. ಆವತ್ತು ಆ ಮೂರು ಹುಳ ಇದ್ವು ಅಂತ ಬರೀಲಿ, ಸಾಕು."

ತಲೆವಸ್ತ್ರವನ್ನು ಇನ್ನೊಮ್ಮೆ ಕೊಡವಿ ನೋಡಿಕೊಳ್ಳುತ್ತಾನೆ.

"ಒಂಬತ್ತನೇ ಪುಟದಲ್ಲೇ ಬರೀಲಿ. ಕದಿರೇಶನ ಹೆಸರಿನ ಕೆಳಗಲ್ಲ, ಮೇಲೆ."