ತೊಳೆದ ಚೀಲ

ಮಾಗಡಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಯಾವ ಡಬ್ಬ, ಯಾವ ಚೀಲ ಕಂಡರೂ ಮೂಗಿಗೆ ಹಿಡಿದು, "ಇದ್ರಲ್ಲಿ ಮೊದ್ಲು ಏನಿತ್ತವ್ವಾ?" ಎಂದು ಕೇಳುತ್ತಿದ್ದರು. ಆಗ ಹೆದ್ದಾರಿಯುದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದವು. ಅಲ್ಲಿನ ಖಾಲಿ ಚೀಲ, ಡ್ರಮ್ಮುಗಳು ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು.

ನಾವು ಮನೆ ಖಾಲಿ ಮಾಡುವ ದಿನ ನಮ್ಮ ಯಜಮಾನರು ಅಂಥವೇ ಬಿಳಿ ಚೀಲಗಳನ್ನು ತಂದು, ರಾಗಿ, ಮಗುವಿನ ಬಟ್ಟೆ ತುಂಬಲು ಕೂತರು. ಆಕೆ ಬಾಗಿಲಲ್ಲೇ ನಿಂತು ಅದನ್ನೇ ಕೇಳಿದರು.

"ಏನಿತ್ತೋ ಗೊತ್ತಿಲ್ಲ. ಚೆನ್ನಾಗಿ ತೊಳ್ದಿದೀನಿ ಬುಡಿ," ಎಂದರು ಇವರು.

ಆಕೆ ಒಳಗೆ ಬಂದು ಒಂದು ಚೀಲ ಕೈಗೆತ್ತಿಕೊಂಡರು. "ನಮ್ಮನೆ ಡ್ರಮ್ಮೂ ತೊಳ್ದಿದ್ದೆ ಕಣಪ್ಪಾ. ಒಸಿನೂ ವಾಸ್ನೆ ಇರ್ನಿಲ್ಲ. ನಾನೇ ನೀರು ತುಂಬಿ ಹಸುಗೆ ಕುಡುಸ್ದೆ. ಹೊತ್ತು ಮುಳುಗೋದ್ರೊಳ್ಗೆ ಸತ್ತೋಯ್ತು."

ಇವರು ಚೀಲಗಳನ್ನು ಬದಿಗೆ ಸರಿಸಿದರು. ಆಕೆ ಮನೆಗೆ ಹೋಗಿ ತಮ್ಮ ಹಳೇ ಹತ್ತಿ ಸೀರೆಗಳನ್ನೂ ಒಂದು ಹೊರೆ ರಾಗಿ ಹುಲ್ಲನ್ನೂ ತಂದರು. ರಾಗಿ, ಬಟ್ಟೆ ಸೀರೆಯ ಗಂಟುಗಳಾದವು. ಗಾಜಿನ ಲೋಟಗಳು ಹುಲ್ಲಿನೊಳಗೆ ಕೂತವು.

ಹೊಸ ಮನೆಯಲ್ಲಿ ಸಾಮಾನು ಇಳಿಸಿ ತಿರುಗಿ ನೋಡಿದರೆ, ಮಗು ಏನನ್ನೋ ಬಾಯಲ್ಲಿಟ್ಟುಕೊಂಡು ಚೀಪುತ್ತಿದೆ. ಓಡಿಹೋಗಿ ಕಿತ್ತುಕೊಂಡೆ. ಆಕೆಯ ಸೀರೆಯ ಸೆರಗು.

ಆದರೂ ಮೂಗಿಗೆ ಹಿಡಿದು ನೋಡಿದೆ. ಯಾವ ವಾಸನೆಯೂ ಇರಲಿಲ್ಲ.