ತಡೀರಿ, ಹಚ್ಚಿ ಕೊಡ್ತೇನಿ

ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ನಾನು ಔಷಧಿ ಕೌಂಟರಿನಲ್ಲಿದ್ದಾಗ, ಪಕ್ಕದ ಮೇಜಿಗೆ ಟೆಲಿಫೋನ್ ಆಪರೇಟರ್ ಅಕ್ಕ ಕೂಡುತ್ತಿದ್ದರು. ಹೊರಗಿನ ಕರೆಗಳೆಲ್ಲ ಮೊದಲು ಅವರಿಗೇ ಬರುತ್ತಿದ್ದವು. "ತಡೀರಿ, ಹಚ್ಚಿ ಕೊಡ್ತೇನಿ" ಎಂದು ಹೋಲ್ಡ್ ಗುಂಡಿ ಒತ್ತಿ ವಾರ್ಡಿಗೆ ಫೋನ್ ಹಚ್ಚುವರು. ಅಷ್ಟು ಹೊತ್ತು ಕರೆ ಮಾಡಿದವರಿಗೆ ಫೋನಿನ ಯಂತ್ರ ಒಂದು ಹಾಡು ಕೇಳಿಸುತ್ತಿತ್ತು.

ಆದರೆ ರೋಗಿ ತೀರಿಕೊಂಡದ್ದು ಗೊತ್ತಿದ್ದರೆ, ಅವರ ಮನೆಯವರ ಕರೆಗೆ ಅಕ್ಕ ಹೋಲ್ಡ್ ಒತ್ತುತ್ತಿರಲಿಲ್ಲ. ರಿಸೀವರನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದು ಫೋನಿನಲ್ಲಿ ಡಾಕ್ಟರನ್ನು ಕರೆಯುವರು. ಯಾಕೆಂದು ಕೇಳಿದ್ದಕ್ಕೆ ಸಿಡುಕಿದ್ದರು: "ಸತ್ತ ಸುದ್ದಿ ಹೇಳೂ ಮುಂದ ಹಾಡು ಕೇಳಸ್ತಾರೇನ ತಮ್ಮಾ? ನಾವು ಮನಷ್ಯಾರಲ್ಲೇನು?"

ಮುಂದೆ ಆ ಕೆಲಸ ಬಿಟ್ಟು ಇಳಕಲ್ಲಿನಲ್ಲಿ ಔಷಧಿ ಅಂಗಡಿ ಇಟ್ಟೆ. ನಮ್ಮವ್ವ ಅದೇ ಆಸ್ಪತ್ರೆಯ ಐಸಿಯು ಸೇರಿದಾಗ ದಿನಾ ಬೆಳಿಗ್ಗೆ ಅಂಗಡಿಯಿಂದಲೇ ಫೋನ್ ಮಾಡಿ ಕೇಳುತ್ತಿದ್ದೆ. ಎಂಟು ದಿನ ಅದೇ ಹಾಡು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಒಂಬತ್ತನೆಯ ದಿನ ಅಕ್ಕ, "ತಡಿ ತಮ್ಮಾ, ಹಚ್ಚಿ ಕೊಡ್ತೇನಿ" ಎಂದರು.

ಹಾಡು ಬರಲಿಲ್ಲ. ಮುಚ್ಚಿದ ಅಂಗೈಯ ಆಚೆ ಅಕ್ಕನ ಬಳೆಯ ಸಪ್ಪಳವಷ್ಟೇ ಕೇಳಿತು. ಡಾಕ್ಟರು ಫೋನಿಗೆ ಬರುವಷ್ಟರಲ್ಲಿ ನಾನು ಅಂಗಡಿಯ ಶಟರ್ ಅರ್ಧ ಎಳೆದಿದ್ದೆ.