ದೊಡ್ಡಕ್ಕ ಚುನಾವಣೆಗೆ ನಿಂತಳು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಂತಕ್ಕ ಎಂದೇ. ಏಳು ಗಂಟೆಯ ಧಾರಾವಾಹಿಯ ಸಾವಿರದ ಮುನ್ನೂರು ಚಿಲ್ಲರೆ ಕಂತುಗಳಲ್ಲಿ ಯಾವುದನ್ನು ಕೇಳಿದರೂ, ಅದರಲ್ಲಿ ಯಾರು ಅತ್ತರು, ಯಾರು ಬಾಗಿಲ ಹಿಂದೆ ನಿಂತು ಕದ್ದು ಕೇಳಿದರು ಎಂಬುದನ್ನು ಕೈಯಲ್ಲಿದ್ದ ಸೂಜಿ ನಿಲ್ಲಿಸದೆ ಹೇಳಿಬಿಡುತ್ತಿದ್ದಳು. ಅಡ್ಡಹೆಸರು ಇಟ್ಟವನು ಎದುರುಗಡೆ ಕೂರುವ ಗಡಿಯಾರ ರಿಪೇರಿಯವನು. ಅವನಿಗೆ ರಾಜಕೀಯದ ಹುಚ್ಚು, ಅವಳಿಗೆ ಧಾರಾವಾಹಿಯ ಹುಚ್ಚು. ಇಬ್ಬರೂ ಒಬ್ಬರ ಹುಚ್ಚಿಗೆ ಇನ್ನೊಬ್ಬರು ಮೂಗು ಮುರಿಯುತ್ತ ಹದಿನಾಲ್ಕು ವರ್ಷ ಎದುರುಬದುರು ಕೂತಿದ್ದರು.

ಅವಳ ಅಂಗಡಿ ಎಂದರೆ ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಹೊಲಿಗೆ ಮೆಷಿನ್ನು, ಒಂದು ಸ್ಟೂಲು, ಜಿಪ್ಪುಗಳ ಡಬ್ಬ. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಉದ್ದವಿದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಕೆಟ್ಟ ಜಿಪ್ಪು ಕಿತ್ತು ಬೇರೆಯದು ಕೂರಿಸುವುದು, ಇಷ್ಟೇ ಕೆಲಸ. ಹಾಗಾಗಿ ಧಾರಾವಾಹಿ ನೋಡುವಾಗಲೂ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಬಟ್ಟೆಯ ಮೇಲೆ. ಒಮ್ಮೆ ನಾಯಕಿ ಕೋಣೆಯ ಒಳಗೆ ಅಳುವಾಗ ಅಂಗಿಯ ತೋಳು ಮೊಣಕೈ ಮುಟ್ಟುತ್ತಿತ್ತು, ಬಾಗಿಲು ದಾಟಿ ಹೊರಗೆ ಬಂದಾಗ ಮೂರು ಬೆರಳು ಮೇಲೇರಿತ್ತು. ಅವಳು ಚಾನೆಲ್ಲಿಗೆ ಕಾಗದ ಬರೆದೇಬಿಟ್ಟಳು: "ಒಳಗೆ ಅತ್ತದ್ದು ಒಂದು ದಿನ, ಹೊರಗೆ ಬಂದದ್ದು ಇನ್ನೊಂದು ದಿನ. ದುಃಖ ಅಷ್ಟು ಹೊತ್ತು ಕಾಯುತ್ತದೆಯೇ?"

"ಬರೆಯೋರಿಗೆ ಏನೂ ತೋಚದೆ ಹೋದ್ರೆ ಯಾರಿಗಾದ್ರೂ ತಲೆಗೆ ಪೆಟ್ಟು ಬೀಳುತ್ತೆ" ಎನ್ನುತ್ತಿದ್ದಳು. "ನೆನಪು ಹೋಗುತ್ತೆ. ಆರು ತಿಂಗಳಾದ್ಮೇಲೆ ಇನ್ನೊಂದು ಪೆಟ್ಟು ಬೀಳುತ್ತೆ, ನೆನಪು ವಾಪಸ್ ಬರುತ್ತೆ. ನೆನಪೇನು ಕರೆಂಟಾ, ಹೋಗಿ ಬರೋಕೆ? ನಮ್ಮಮ್ಮನ್ನ ಬಂದು ನೋಡ್ಲಿ ಅವ್ರು."

"ನಮ್ಮ ಓಟಿನೋರೂ ಅಷ್ಟೇ ಬಿಡು" ಎನ್ನುತ್ತಿದ್ದ ಗಡಿಯಾರದವನು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ. "ಗೆದ್ದ ತಕ್ಷಣ ತಲೆಗೆ ಪೆಟ್ಟು. ಐದು ವರ್ಷಕ್ಕೆ ಸರಿಯಾಗಿ ನೆನಪು ವಾಪಸ್."

ತಮಾಷೆ ಎಲ್ಲ ಅಂಗಡಿಯಲ್ಲಿ. ಮನೆಯಲ್ಲಿ ಕಂತಕ್ಕನಿಗೆ ಆ ಧಾರಾವಾಹಿ ತಮಾಷೆಯಾಗಿರಲಿಲ್ಲ. ತಾಯಿಗೆ ಎಪ್ಪತ್ತೊಂಬತ್ತು ವರ್ಷ, ಬುದ್ಧಿ ಮಂಕಾಗಿ ನಾಲ್ಕು ವರ್ಷ. ಇದ್ದವಳು ಒಬ್ಬಳೇ ಮಗಳು. ಆ ಒಬ್ಬಳನ್ನೇ ಆಕೆ ಮರೆತಿದ್ದಳು. ಕಂತಕ್ಕ ಅವಳ ಪಾಲಿಗೆ ಯಾರೋ ಅಡುಗೆಯವಳು, ಸ್ನಾನ ಮಾಡಿಸಲು ಬರುವ ಗಟ್ಟಿ ಕೈಯ ಹೆಂಗಸು. ಮಗಳ ಜಾಗದಲ್ಲಿ ಕೂತಿದ್ದವಳು ಟೀವಿಯ ದೊಡ್ಡಕ್ಕ. ಆ ಪಾತ್ರಕ್ಕೆ ಅದೇ ಹೆಸರು. ತಂಗಿ ತಮ್ಮಂದಿರನ್ನು ಸಾಕುತ್ತ ಮದುವೆಯಾಗದೆ ಉಳಿದ, ದಿನಕ್ಕೊಂದು ಸಂಕಟ ನುಂಗುವ ಹೆಂಗಸು. ಪ್ರತಿ ಕಂತಿನಲ್ಲೂ ಒಮ್ಮೆ ಅವಳು ಊಟದ ಮೇಜಿನ ಮುಂದೆ ಕೂತು ತನ್ನ ತಾಯಿಗೆ, "ಊಟ ಮಾಡಮ್ಮ, ನಾನಿದ್ದೀನಲ್ಲ" ಎನ್ನಬೇಕು. ಆ ಮಾತು ಕೇಳಿದೊಡನೆ ಈ ಮನೆಯ ತಾಯಿ ಬಾಯಿ ತೆರೆಯುತ್ತಿದ್ದಳು. ಮೆತ್ತಗೆ ಬೇಯಿಸಿದ ಅನ್ನ, ಕಿವುಚಿದ ತರಕಾರಿ, ಏಳರಿಂದ ಏಳೂವರೆಯೊಳಗೆ ಒಂದು ಬಟ್ಟಲು ಒಳಗೆ ಹೋಗುತ್ತಿತ್ತು. ಇಡೀ ದಿನದಲ್ಲಿ ಆಕೆ ಸರಿಯಾಗಿ ತಿನ್ನುತ್ತಿದ್ದದ್ದು ಅಷ್ಟೇ.

ಹೊಟ್ಟೆಕಿಚ್ಚು ಇರಲಿಲ್ಲವೇ ಎಂದರೆ, ಇತ್ತು. ಇಲ್ಲದೆ ಏನು? ತಾನು ಹಿಡಿದ ಚಮಚ, ತಾನು ಬೇಯಿಸಿದ ಅನ್ನ, ಹೆಸರು ಮಾತ್ರ ಬಣ್ಣ ಹಚ್ಚಿಕೊಂಡವಳಿಗೆ. ಆದರೂ ಏಳು ಗಂಟೆಗೆ ಆ ಮುಖ ತೆರೆಯ ಮೇಲೆ ಬಂದರೆ ಕಂತಕ್ಕನಿಗೆ ಹೋದ ಜೀವ ಬಂದಂತಾಗುತ್ತಿತ್ತು.

ಒಂದು ಬೆಳಿಗ್ಗೆ ಗಡಿಯಾರದವನು ಪೇಪರು ಹಿಡಿದುಕೊಂಡು ಈಚೆ ದಾಟಿ ಬಂದ. "ನಿನ್ನ ದೊಡ್ಡಕ್ಕ ಚುನಾವಣೆಗೆ ನಿಂತ್ಲಂತೆ ಕಣವ್ವ! ನಮ್ಮ ಕ್ಷೇತ್ರದಿಂದ್ಲೇ!"

ಕಂತಕ್ಕ ಮೊದಲು ನಕ್ಕಳು. ಆಮೇಲೆ ಪೇಪರು ಕಿತ್ತುಕೊಂಡು ಸುದ್ದಿ ಪೂರ್ತಿ ಓದಿದಳು. ಅಭ್ಯರ್ಥಿಯಾದವಳು ದಿನವೂ ಟೀವಿಯಲ್ಲಿ ಕಾಣಿಸಿಕೊಂಡರೆ ಉಳಿದವರಿಗೆ ಅನ್ಯಾಯವಂತೆ. ಸೋಮವಾರದಿಂದ ಆ ಪಾತ್ರದಲ್ಲಿ ಬೇರೊಬ್ಬಳು. ಹಳೆಯ ಕಂತುಗಳನ್ನೂ ಚಾನೆಲ್ಲಿನವರು ತೆಗೆದುಬಿಡುತ್ತಾರೆ.

ಸೋಮವಾರ ಏಳು ಗಂಟೆಗೆ ಹೊಸಬಳು ಬಂದಳು. ಅದೇ ಮೇಜು, ಅದೇ ಕುರ್ಚಿ, ಅದೇ ಮಾತು. ಧಾರಾವಾಹಿಯ ಮನೆಮಂದಿಯೆಲ್ಲ ಅವಳನ್ನು ದೊಡ್ಡಕ್ಕ ಎಂದೇ ಕರೆದರು, ಯಾರೊಬ್ಬರಿಗೂ ಮುಖ ಬದಲಾದದ್ದು ಕಾಣಲಿಲ್ಲ. ಕಂತಕ್ಕನ ತಾಯಿಗೆ ಕಂಡಿತು. ಮಗಳನ್ನೇ ಮರೆತ ಹೆಂಗಸಿಗೆ ಅದು ಹೇಗೋ ಕಂಡಿತು.

"ಯಾರವಳು? ನನ್ನ ಮಗಳ ಕುರ್ಚಿ ಮೇಲೆ ಯಾಕೆ ಕೂತಿದ್ದಾಳೆ?" ಎಂದವಳು ಬಾಯಿಗೆ ಬೀಗ ಹಾಕಿಕೊಂಡಳು.

ಮಂಗಳವಾರವೂ ಅಷ್ಟೇ, ಬುಧವಾರವೂ ಅಷ್ಟೇ. ಕಂತಕ್ಕ ಬೈದಳು, ಬೇಡಿಕೊಂಡಳು, ಸಕ್ಕರೆ ಬೆರೆಸಿದಳು; ನಾಲ್ಕು ಗುಟುಕು ಹಾಲು ಬಿಟ್ಟರೆ ಏನೂ ಒಳಗೆ ಹೋಗಲಿಲ್ಲ. ಪಕ್ಕದ ಮನೆಯವಳ ಮೊಬೈಲಿನಲ್ಲಿ ಉಳಿದಿದ್ದ ಹಳೆಯ ತುಣುಕೊಂದನ್ನು ತಂದು ಹಿಡಿದಳು. ಅಂಗೈಯಗಲದ ಪರದೆಯಲ್ಲಿ ದೊಡ್ಡಕ್ಕ ಕಂಡದ್ದೇ ತಾಯಿಯ ಕಣ್ಣು ತುಂಬಿ ಬಂತು. "ಅಯ್ಯೋ, ಎಷ್ಟು ಸಣ್ಣಗಾಗಿಬಿಟ್ಟಿದ್ದಾಳೆ! ಮೊದ್ಲು ಅವಳಿಗೆ ತಿನ್ನಿಸು" ಎಂದು ಚಮಚ ಕಿತ್ತುಕೊಂಡು ಮೊಬೈಲಿನ ಮೇಲೆ ಅನ್ನ ಮೆತ್ತಿದಳು. ಪಕ್ಕದ ಮನೆಯವಳು ಮುಖ ಗಂಟಿಕ್ಕಿಕೊಂಡು ಮೊಬೈಲು ಒರೆಸಿಕೊಂಡು ಹೋದಳು.

ತಾಯಿ ಎಷ್ಟು ಇಳಿದಳು ಎಂದು ನೋಡಲು ಕಂತಕ್ಕನಿಗೆ ತಕ್ಕಡಿ ಬೇಕಿರಲಿಲ್ಲ. ಮೊದಲ ವಾರ ನಿಲುವಂಗಿಯನ್ನು ಎರಡು ಬೆರಳು ಒಳಗೆ ಹಿಡಿದಳು. ಎರಡನೆಯ ವಾರ ಇನ್ನೆರಡು. ಹದಿನಾಲ್ಕು ವರ್ಷ ಊರಿನ ಬಟ್ಟೆಗಳನ್ನೆಲ್ಲ ಒಳಗೆ ಹಿಡಿದಿದ್ದ ಕೈ ಆ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಹಾಕಿತು. ಡಾಕ್ಟರು ತಾಯಿಯ ಮೊಣಕೈಯ ಚರ್ಮ ಚಿವುಟಿ ನೋಡಿ, "ಇನ್ನೊಂದು ವಾರ ನೋಡೋಣ. ಆಮೇಲೆ ಮೂಗಿನಲ್ಲಿ ಊಟದ ನಳಿಗೆ ಹಾಕ್ಬೇಕಾಗುತ್ತೆ. ಕಿತ್ತುಕೊಳ್ಳದ ಹಾಗೆ ಕೈ ಕಟ್ಟಿರ್ಬೇಕು" ಎಂದರು. ಕೈ ಕಟ್ಟುವ ಮಾತು ಕೇಳಿದ್ದೇ ಕಂತಕ್ಕ ತಾಯಿಯನ್ನು ಎಬ್ಬಿಸಿಕೊಂಡು ಮನೆಗೆ ಹೊರಟಳು.

ಚಾನೆಲ್ಲಿಗೆ ಅಷ್ಟರಲ್ಲಾಗಲೇ ಮೂರು ಕಾಗದ ಹಾಕಿದ್ದಳು. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ಅಚ್ಚಾದ ಉತ್ತರ ಬಂತು. ಆಗ ಅವಳಿಗೆ ಒಂದೇ ದಾರಿ ಹೊಳೆಯಿತು. ದೊಡ್ಡಕ್ಕ ಸೋಲಬೇಕು. ಸೋತರೆ ಬೇರೆಲ್ಲಿಗೆ ಹೋಗುತ್ತಾಳೆ? ತನ್ನ ಕುರ್ಚಿಗೇ ವಾಪಸು ಬರುತ್ತಾಳೆ.

ಅಂದಿನಿಂದ ಜಿಪ್ಪು ಹಾಕಿಸಲು ಬಂದವರಿಗೂ ಬಿಡುಗಡೆ ಇರಲಿಲ್ಲ. "ಅವಳಿಗೆ ಓಟು ಹಾಕ್ಬೇಡಿ" ಎನ್ನುತ್ತಿದ್ದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ಯಾಕೆ, ಏನು ತಪ್ಪು ಮಾಡಿದ್ದಾಳೆ?"

"ಏನೂ ಮಾಡಿಲ್ಲ. ಚಿನ್ನದಂಥ ಹೆಂಗಸು. ಅದಕ್ಕೇ ಹಾಕ್ಬೇಡಿ."

ಗಡಿಯಾರದವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಇಂಥ ಪ್ರಚಾರ ನಾನು ಹುಟ್ಟಿದಾಗಿಂದ ಕೇಳಿಲ್ಲ. ವಿರೋಧ ಪಕ್ಷದೋರು ನಿನ್ನ ಕಾಲಿಗೆ ಬೀಳ್ಬೇಕು ನೋಡು."

"ನಗು, ನಗು. ನಿಮ್ಮಮ್ಮ ಉಪವಾಸ ಇದ್ದಿದ್ರೆ ಗೊತ್ತಾಗ್ತಿತ್ತು" ಎಂದಳು. ಅವನು ನಗು ನಿಲ್ಲಿಸಿದ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಗಡಿಯಾರಕ್ಕೆ ಬಾಗಿದ.

ಮತದಾನಕ್ಕೆ ಒಂಬತ್ತು ದಿನ ಇರುವಾಗ ದೊಡ್ಡಕ್ಕನ ವ್ಯಾನು ಮಾರುಕಟ್ಟೆಗೆ ಬಂತು. ಪಕ್ಷದ ಹುಡುಗರಿಗೆ ಯಾರೋ ಹೇಳಿದ್ದರು, ಈ ಬೀದಿಯಲ್ಲಿ ಅಕ್ಕನ ದೊಡ್ಡ ಅಭಿಮಾನಿ ಒಬ್ಬಳಿದ್ದಾಳೆ, ಎಲ್ಲ ಕಂತೂ ಬಾಯಿಪಾಠ ಎಂದು. ಅವರು ಹಿಂದುಮುಂದು ವಿಚಾರಿಸದೆ ಕಂತಕ್ಕನನ್ನು ಸ್ಟೂಲಿನಿಂದ ಎಬ್ಬಿಸಿ, ವ್ಯಾನಿನ ಮೇಲೆ ಹತ್ತಿಸಿ, ಕೈಗೆ ಮೈಕು ಕೊಟ್ಟುಬಿಟ್ಟರು. ಪಕ್ಕದಲ್ಲೇ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ದೊಡ್ಡಕ್ಕ ನಿಂತಿದ್ದಳು. ಬಿಸಿಲಿಗೆ ಕೆನ್ನೆಯ ಬಣ್ಣ ಕರಗಿತ್ತು. ಅಂಗಿಯ ಬಲತೋಳಿನ ಹೊಲಿಗೆ ಬಿಟ್ಟಿತ್ತು, ಕೈ ಬೀಸಿ ಬೀಸಿ.

"ಇವಳನ್ನ ಸೋಲ್ಸಿ" ಎಂದಳು ಕಂತಕ್ಕ. ಮೈಕಿನಲ್ಲಿ ತನ್ನದೇ ದನಿ ಕೇಳಿ ಬೆಚ್ಚಿದಳು, ಆದರೂ ನಿಲ್ಲಿಸಲಿಲ್ಲ. "ನಿಮ್ಮ ದಮ್ಮಯ್ಯ ಅಂತೀನಿ. ಒಬ್ಬರೂ ಓಟು ಹಾಕ್ಬೇಡಿ. ಮನೆಗೆ ಕಳಿಸಿಬಿಡಿ. ನಮ್ಮಮ್ಮ ಹದಿನೆಂಟು ದಿನದಿಂದ ಊಟ ಮಾಡಿಲ್ಲ."

ಜನ ಗೊಳ್ಳೆಂದು ನಕ್ಕರು, ಸಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು. ಅಭಿಮಾನ ಅಂದರೆ ಹೀಗಿರಬೇಕು ಎಂದುಕೊಂಡರೇ ಹೊರತು ಒಬ್ಬರಿಗೂ ಅವಳ ಸಂಕಟ ಮುಟ್ಟಲಿಲ್ಲ. ಮುಟ್ಟಿದ್ದು ಒಬ್ಬಳಿಗೆ. ದೊಡ್ಡಕ್ಕ ಮೈಕಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಮೆಲ್ಲಗೆ ಕೇಳಿದಳು, "ಮನೆ ಎಲ್ಲಿ?"

ಹತ್ತು ನಿಮಿಷದಲ್ಲಿ ಆ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಮಂಚದ ಮೇಲೆ ಹತ್ತಿ ನಿಂತು ವಿಡಿಯೋ ಮಾಡುತ್ತಿದ್ದ. ಕಂತಕ್ಕ ಅನ್ನದ ಬಟ್ಟಲು ಹಿಡಿದು ಗೋಡೆಗೆ ಒತ್ತಿಕೊಂಡಿದ್ದಳು. ತಾಯಿ ತಲೆಯೆತ್ತಿ ನೋಡಿದಳು.

"ಬಂದ್ಯಾ? ಎಷ್ಟು ದಿನ ಆಯ್ತೇ!"

"ಬಂದೆ ಕಣಮ್ಮ" ಎಂದಳು ದೊಡ್ಡಕ್ಕ, ಮಂಡಿಯೂರಿ ಕೂತು. "ಊಟ ಮಾಡಮ್ಮ, ನಾನಿದ್ದೀನಲ್ಲ."

ತಾಯಿ ಬಾಯಿ ತೆರೆಯಲಿಲ್ಲ. ಅವಳ ಕೈ ಹಿಡಿದು ಹತ್ತಿರಕ್ಕೆಳೆದುಕೊಂಡಳು. ಗುಟ್ಟು ಹೇಳುವಂತೆ ಹೇಳಿದಳು, ಆದರೆ ಕಿವಿ ಮಂದವಾದವರ ಗುಟ್ಟು ಇಡೀ ಕೋಣೆಗೆ ಕೇಳಿಸುತ್ತದೆ. "ನನ್ನನ್ನ ಇಲ್ಲಿಂದ ಕರ್ಕೊಂಡು ಹೋಗೇ. ಅಗೋ, ಆ ಹೆಂಗಸು ದಿನಾ ಬಲವಂತ ಮಾಡ್ತಾಳೆ. ಮೈ ತಿಕ್ಕಿ ತಿಕ್ಕಿ ನೋಯಿಸ್ತಾಳೆ. ನನ್ನ ಮನೆಗೆ ಹೋಗೋಕೆ ಬಿಡಲ್ಲ. ನೀನಿಲ್ಲದೆ ನನಗೆ ಯಾರಿದ್ದಾರೆ?"

ಕೋಣೆಯಲ್ಲಿದ್ದವರೆಲ್ಲ ಕಂತಕ್ಕನ ಕಡೆ ತಿರುಗಿದರು. ಅವಳಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ದೊಡ್ಡಕ್ಕ ಕಂತಕ್ಕನ ಮುಖ ನೋಡಿದಳು. ಮಾತು ಬರೆದುಕೊಡುವವರು ಜೊತೆಗಿರಲಿಲ್ಲ. ಹದಿನೈದು ದಿನದಿಂದ ಬೀದಿ ಬೀದಿಯಲ್ಲಿ ಹೇಳಿದ್ದೇ ಬಾಯಿಗೆ ಬಂತು.

"ಕರ್ಕೊಂಡು ಹೋಗ್ತೀನಮ್ಮ. ಖಂಡಿತ. ಚುನಾವಣೆ ಒಂದು ಮುಗೀಲಿ, ಎಣಿಕೆ ಆಗ್ಲಿ. ಆದ ತಕ್ಷಣ ನಾನೇ ಬರ್ತೀನಿ. ಅಲ್ಲಿವರ್ಗೂ ಹೊಟ್ಟೆ ತುಂಬ ಊಟ ಮಾಡ್ಕೊಂಡು ಗಟ್ಟಿಯಾಗಿರ್ಬೇಕು, ಆಯ್ತಾ?"

ತಾಯಿ ಬಾಯಿ ತೆರೆದಳು. ಕಂತಕ್ಕ ಮುಂದೆ ಬಂದು ತುತ್ತಿಟ್ಟಳು. ಬಟ್ಟಲು ಖಾಲಿಯಾಯಿತು.

ವಿಡಿಯೋ ಊರೆಲ್ಲ ಸುತ್ತಿತು. ದೂರಿನ ಭಾಗ ಕತ್ತರಿಸಿದ್ದರು. "ಬಂದ್ಯಾ" ಎಂಬುದರಿಂದ ನೇರ ತುತ್ತಿಗೆ. ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಹೊಲಿಗೆ ಎಲ್ಲಿ ಬಿದ್ದಿದೆ ಎಂಬುದು ಕಂತಕ್ಕನೊಬ್ಬಳಿಗೇ ಗೊತ್ತಿತ್ತು.

ತಾಯಿ ಅಂದಿನಿಂದ ಮೂರು ಹೊತ್ತೂ ತಿಂದಳು. ಪ್ರಯಾಣಕ್ಕೆ ಶಕ್ತಿ ಬೇಕಲ್ಲ. ಡಾಕ್ಟರು ನಳಿಗೆಯ ಮಾತು ಬಿಟ್ಟರು. ಹಳೆಯ ಬ್ಯಾಗೊಂದರಲ್ಲಿ ಬಾಚಣಿಗೆ, ಎರಡು ನಿಲುವಂಗಿ ತುಂಬಿಕೊಂಡು, ಬೆಳಿಗ್ಗೆ ಎದ್ದರೆ ಚಪ್ಪಲಿ ಹಾಕಿಸಿಕೊಂಡು ಬಾಗಿಲ ಬಳಿ ಕೂರುತ್ತಿದ್ದಳು.

ಮತದಾನದ ದಿನ ಸಾಲಿನಲ್ಲಿ ಗಡಿಯಾರದವನು ಹಿಂದಿದ್ದ. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದ, "ಯಾರಿಗೆ ಹಾಕ್ದೆ?"

"ಅವಳಿಗೇ."

"ಸೋಲ್ಸಿ ಅಂತ ಗಂಟಲು ಹರ್ಕೊಂಡೆಯಲ್ಲ?"

"ಓಟು ಕೇಳೋಕೆ ಬಂದೋರೆಲ್ಲ ಸುಳ್ಳೇ ಹೇಳಿದ್ರು. ಅವಳ ಸುಳ್ಳಿಂದ ನಮ್ಮಮ್ಮನ ಹೊಟ್ಟೆ ತುಂಬ್ತು" ಎಂದಳು.

ಎಣಿಕೆಯಾಯಿತು. ದೊಡ್ಡಕ್ಕ ಭಾರಿ ಅಂತರದಲ್ಲಿ ಗೆದ್ದಳು. ಬೀದಿಯಲ್ಲಿ ಪಟಾಕಿ ಹೊಡೆದರು. ತಾಯಿ ಸದ್ದಿಗೆ ಎದ್ದು ನಿಂತು ಬ್ಯಾಗು ಎತ್ತಿಕೊಂಡಳು. ಕಂತಕ್ಕ ಪಕ್ಷದ ಹುಡುಗರು ಕೊಟ್ಟುಹೋಗಿದ್ದ ನಂಬರಿಗೆ ಫೋನು ಮಾಡಿದಳು. ಮೊದಲ ದಿನ ಯಾರೋ ಎತ್ತಿ, "ಅಕ್ಕ ರಾಜಧಾನೀಲಿದ್ದಾರೆ" ಎಂದರು. ಮರುದಿನದಿಂದ ಎತ್ತಲಿಲ್ಲ. ಅವಳು ಟೀವಿಯ ತಂತಿ ಕಿತ್ತಿಟ್ಟಳು. ಪೇಪರು ಮನೆಗೆ ತರಬೇಡ ಎಂದು ಪಕ್ಕದ ಮನೆಯವಳಿಗೆ ಹೇಳಿದಳು.

ಈಗ ಎಣಿಕೆ ಮುಗಿದು ಏಳು ವಾರ. ಸಂಜೆ ಏಳಕ್ಕೆ ಕಂತಕ್ಕ ಬಟ್ಟಲು ಹಿಡಿದು ಎದುರು ಕೂರುತ್ತಾಳೆ. ತಾಯಿ ಚಪ್ಪಲಿ ಹಾಕಿಕೊಂಡೇ ಕೂತಿರುತ್ತಾಳೆ, ಬ್ಯಾಗು ತೊಡೆಯ ಮೇಲೆ. ನಿಲುವಂಗಿಗೆ ಒಳಗೆ ಹಿಡಿದಿದ್ದ ಹೊಲಿಗೆಯನ್ನು ಮೊನ್ನೆ ಬಿಚ್ಚಬೇಕಾಯಿತು. ಮೈ ತುಂಬಿಕೊಂಡಿದೆ.

"ಎಣಿಕೆ ಮುಗೀತಾ?" ಎಂದು ಕೇಳಿದಳು ನಿನ್ನೆ.

"ಇನ್ನೂ ಇಲ್ಲಮ್ಮ. ಎರಡು ಸುತ್ತು ಬಾಕಿ ಇದೆಯಂತೆ."

ತಾಯಿ ಅವಳ ಕಡೆ ತಿರುಗಿದಳು. ಅಪರೂಪಕ್ಕೆ ಮುಖದಲ್ಲಿ ಸಿಟ್ಟಿರಲಿಲ್ಲ. "ನಾನು ಹೋದ್ಮೇಲೆ ನಿನಗೆ ಬೇರೆ ಮನೇಲಿ ಕೆಲಸ ಸಿಗುತ್ತೆ ಬಿಡು, ಹೆದರ್ಬೇಡ. ನೀನು ಕೆಟ್ಟೋಳಲ್ಲ ಅಂತ ನನ್ನ ಮಗಳಿಗೆ ಹೇಳ್ತೀನಿ."

"ಹೇಳಮ್ಮ, ಮರೀದೆ ಹೇಳು" ಎಂದು ಕಂತಕ್ಕ ಚಮಚ ಮುಂದೆ ಹಿಡಿದಳು. ತಾಯಿ ಬಾಯಿ ತೆರೆದಳು.